ಕೈಬಿಟ್ಟದ್ದು, ಕಳಿಸಿಕೊಟ್ಟದ್ದು

13 ವರ್ಷದ ಹುಡುಗನೊಬ್ಬನ ಕಿಟಕಿಯ ಬಳಿಗೆ ನಡುರಾತ್ರಿಯಲ್ಲಿ ಒಂದು ಮರ ನಡೆದು ಬರುತ್ತದೆ. ಮನೆಯ ಹಿಂದಿನ ದಿಬ್ಬದ ಮೇಲೆ, ಹಳೆಯ ಚರ್ಚಿನ ಪಕ್ಕದ ಸಮಾಧಿಗಳ ನಡುವೆ ದಿನವೂ ನಿಂತಿರುತ್ತಿದ್ದ ಯೂ ಮರ ಅದು. ಈಗ ಅದಕ್ಕೆ ಕೈಕಾಲು ಮೂಡಿವೆ, ಬಾಯಿ ಬಂದಿದೆ. ಗಡಿಯಾರದಲ್ಲಿ 12 ಗಂಟೆ 7 ನಿಮಿಷ. ಹುಣಸೆಮರದ ದೆವ್ವಗಳ ಕತೆ ಕೇಳಿ ಬೆಳೆದ ನನಗೆ ಮುಂದೇನಾಗಬೇಕೆಂದು ಗೊತ್ತಿತ್ತು: ಹುಡುಗ ಕಿರುಚಬೇಕು. ಅವನು ಕಿರುಚುವುದಿಲ್ಲ. ಇದಕ್ಕಿಂತ ಕೆಟ್ಟದ್ದನ್ನು ನೋಡಿದ್ದೇನೆ ಎನ್ನುವ ಹಾಗೆ ಸುಮ್ಮನೆ ನೋಡುತ್ತಾನೆ. ರಾಕ್ಷಸನೇ ತುಸು ಪೆಚ್ಚಾಗುತ್ತಾನೆ.

ಪ್ಯಾಟ್ರಿಕ್ ನೆಸ್ ಅವರ ‘ಎ ಮಾನ್‌ಸ್ಟರ್ ಕಾಲ್ಸ್’ ಕಾದಂಬರಿ ಶುರುವಾಗುವುದು ಹೀಗೆ. ಅದು ಪ್ರಕಟವಾದದ್ದು 2011ರಲ್ಲಿ. ಕತೆಯ ಮೂಲ ಕಲ್ಪನೆ ನೆಸ್ ಅವರದಲ್ಲ, ಶಿವಾನ್ ಡೌಡ್ ಎಂಬ ಲೇಖಕಿಯದು. ಪಾತ್ರಗಳು, ಒಂದು ಹಂದರ, ಒಂದಿಷ್ಟು ಆರಂಭ, ಇಷ್ಟನ್ನು ಬಿಟ್ಟು ಅವರು 2007ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 47 ವರ್ಷ. ನೆಸ್ ಅವರನ್ನು ಒಮ್ಮೆಯೂ ಭೇಟಿಯಾಗಿರಲಿಲ್ಲ. ಸಾಯುತ್ತಿದ್ದವರೊಬ್ಬರು ಹುಟ್ಟಿಸಿದ ಕತೆಯನ್ನು ಉಳಿದವರೊಬ್ಬರು ಬರೆದು ಮುಗಿಸಿದರು. 2012ರಲ್ಲಿ ಬರವಣಿಗೆಗೆ ಕಾರ್ನೆಗಿ ಪದಕ, ಜಿಮ್ ಕೇ ಅವರ ಕಪ್ಪುಬಿಳುಪು ಚಿತ್ರಗಳಿಗೆ ಕೇಟ್ ಗ್ರೀನವೇ ಪದಕ ಬಂದವು. ಎರಡನ್ನೂ ಒಟ್ಟಿಗೆ ಪಡೆದ ಮೊದಲ ಪುಸ್ತಕ ಅದು.

ನನ್ನ ಸಂಶೋಧನೆ ಮಕ್ಕಳ ಮತ್ತು ಹರೆಯದವರ ಸಾಹಿತ್ಯದಲ್ಲಿ ಸಾವು ಹೇಗೆ ಬರುತ್ತದೆ ಎಂಬುದರ ಮೇಲೆ. ಹಾಗಾಗಿ ಈ ಪುಸ್ತಕವನ್ನು ಎತ್ತಿಕೊಂಡದ್ದು ಕೆಲಸಕ್ಕಾಗಿ. ಗ್ರಂಥಾಲಯದಲ್ಲಿ ಕೂತು, ಪೆನ್ಸಿಲ್ ಹಿಡಿದು, ಅಧ್ಯಾಯಕ್ಕೊಂದು ಚೀಟಿ ಬರೆಯುತ್ತ ಓದುತ್ತಿದ್ದೆ. ಕೊನೆಯ ನಲವತ್ತು ಪುಟಗಳಿಗೆ ಒಂದೂ ಚೀಟಿಯಿಲ್ಲ. ಯಾಕಿಲ್ಲ ಎಂದು ನನ್ನ ಮಾರ್ಗದರ್ಶಕರು ಕೇಳಿದಾಗ ಏನೋ ಹೇಳಿ ಜಾರಿಕೊಂಡೆ. ಅವರಿಗೆ ಕೊಡದ ಉತ್ತರವನ್ನು ಇಲ್ಲಿ ಕೊಡಲು ನೋಡುತ್ತೇನೆ.

ಹುಡುಗನ ಹೆಸರು ಕಾನರ್ ಒ’ಮ್ಯಾಲಿ. ಅಪ್ಪ ಬೇರೆ ಮದುವೆಯಾಗಿ ಅಮೆರಿಕದಲ್ಲಿದ್ದಾನೆ. ಅಮ್ಮನಿಗೆ ಕ್ಯಾನ್ಸರ್. ಒಂದು ಚಿಕಿತ್ಸೆ ಆಗಿ ಇನ್ನೊಂದು, ಅದಾಗಿ ಮತ್ತೊಂದು. ಪ್ರತಿಸಲವೂ ಅಮ್ಮ ‘ಇದು ಹಿಡಿಯುತ್ತೆ’ ಎನ್ನುತ್ತಾಳೆ, ಪ್ರತಿಸಲವೂ ಅವನು ನಂಬುತ್ತಾನೆ. ಅಥವಾ ನಂಬಿದಂತಿರುತ್ತಾನೆ. ಕೊನೆಯ ಔಷಧ ಯೂ ಮರದಿಂದ ಬಂದದ್ದು ಎಂದು ಗೊತ್ತಾದಾಗ, ನಡೆದು ಬರುವ ಮರ ಅಮ್ಮನನ್ನು ಉಳಿಸಲೆಂದೇ ಬಂದಿದೆ ಎಂದು ಅವನಿಗೆ ಖಾತ್ರಿಯಾಗುತ್ತದೆ. ಇದು ಬರೀ ಕಲ್ಪನೆಯಲ್ಲ. ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧ ಮೊದಲು ಸಿಕ್ಕಿದ್ದು ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ. ಕಾದಂಬರಿಯಲ್ಲಿ ಆ ಔಷಧವೂ ಹಿಡಿಯುವುದಿಲ್ಲ. ಸಿಟ್ಟಿನಿಂದ ದಿಬ್ಬಕ್ಕೆ ಓಡಿಹೋಗಿ ಮರವನ್ನು ಒದ್ದು ಕೇಳಿದಾಗ ಅದು ಹೇಳುತ್ತದೆ: ನಾನು ಬಂದದ್ದು ಅವಳಿಗಾಗಿ ಅಲ್ಲ, ನಿನಗಾಗಿ.

ಮರದ ಕರಾರು ವಿಚಿತ್ರವಾದದ್ದು. ಅದು ಮೂರು ಕತೆ ಹೇಳುತ್ತದೆ, ನಾಲ್ಕನೆಯದನ್ನು ಹುಡುಗ ಹೇಳಬೇಕು. ಆ ನಾಲ್ಕನೆಯದು ಅವನು ಯಾರಿಗೂ ಹೇಳದ ದುಃಸ್ವಪ್ನ, ಅದರೊಳಗಿನ ನಿಜ. ಮರ ಹೇಳುವ ಕತೆಗಳೂ ನೀತಿಕತೆಗಳ ಬೆನ್ನು ಮುರಿಯುವಂಥವು. ಮೊದಲನೆಯದರಲ್ಲಿ ಪ್ರೀತಿಸಿದ ಹುಡುಗಿಯನ್ನು ತಾನೇ ಕೊಂದು ಮಲ-ಅಜ್ಜಿಯ ಮೇಲೆ ಹೊರಿಸಿದ ರಾಜಕುಮಾರ ಮುಂದೆ ಜನ ಮೆಚ್ಚುವ ರಾಜನಾಗುತ್ತಾನೆ, ಮರ ಕಾಪಾಡುವುದು ಮಾಟಗಾತಿ ರಾಣಿಯನ್ನು. ಕಾನರ್‌ಗೆ ರೇಗುತ್ತದೆ. ಇದರಲ್ಲಿ ಒಳ್ಳೆಯವರು ಯಾರು ಎಂದು ಕೇಳುತ್ತಾನೆ. ನಾನೂ ಪುಟದ ಅಂಚಿನಲ್ಲಿ ಅದನ್ನೇ ಬರೆದಿದ್ದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಕತೆಗಳಲ್ಲ, ಈ ಹುಡುಗನನ್ನು ಯಾರೂ ಬೈಯುವುದಿಲ್ಲ ಎಂಬ ವಿವರ. ತರಗತಿಯಲ್ಲಿ ತಪ್ಪು ಮಾಡಿದರೆ ಶಿಕ್ಷಕಿ ದನಿ ತಗ್ಗಿಸುತ್ತಾಳೆ. ಅಜ್ಜಿಯ ಮನೆಯ ಕೋಣೆಯನ್ನು, ಅವಳು ಜೀವದಂತೆ ಕಾಪಾಡಿಕೊಂಡ ಗಡಿಯಾರದ ಸಮೇತ, ಪುಡಿಪುಡಿ ಮಾಡುತ್ತಾನೆ. ಅಜ್ಜಿ ನೋಡುತ್ತಾಳೆ, ಗಂಟಲಿನಿಂದ ಅರ್ಥವಾಗದ ಒಂದು ದನಿ ಹೊರಡಿಸುತ್ತಾಳೆ, ಆಮೇಲೆ ಉಳಿದಿದ್ದ ಒಂದೇ ಒಂದು ಕಪಾಟನ್ನು ತಾನೇ ಎಳೆದು ಕೆಡವುತ್ತಾಳೆ. ಶಿಕ್ಷೆಯಿಲ್ಲ. ಶಾಲೆಯಲ್ಲಿ ತನ್ನನ್ನು ಕಾಡುವ ಹುಡುಗನನ್ನು ಆಸ್ಪತ್ರೆ ಸೇರುವಂತೆ ಹೊಡೆಯುತ್ತಾನೆ. ಆಗಲೂ ಇಲ್ಲ. ನಿನ್ನನ್ನು ಶಿಕ್ಷಿಸಿ ಏನು ಪ್ರಯೋಜನ ಎಂಬ ಮಾತು ದೊಡ್ಡವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕರುಣೆಯಿಂದಲೇ ಹೇಳುತ್ತಾರೆ. ಅವನ ಮುಖ ಮಾತ್ರ ಪ್ರತಿಸಲವೂ ಇನ್ನಷ್ಟು ಸಣ್ಣದಾಗುತ್ತದೆ. ಯಾಕೆಂದರೆ ತಾನು ಶಿಕ್ಷೆಗೆ ಅರ್ಹನೆಂದು ಅವನಿಗೆ ಗೊತ್ತು. ಯಾವ ತಪ್ಪಿಗೆಂದು ನಮಗೆ ಗೊತ್ತಾಗುವುದು ಕೊನೆಯಲ್ಲಿ.

ಆ ದುಃಸ್ವಪ್ನ ಇದು. ಪ್ರಪಾತದ ಅಂಚು. ಕೆಳಗಿನಿಂದ ಒಂದು ಕಪ್ಪು ಆಕೃತಿ ಅಮ್ಮನನ್ನು ಎಳೆಯುತ್ತಿದೆ. ಕಾನರ್ ಅವಳ ಎರಡೂ ಕೈ ಹಿಡಿದಿದ್ದಾನೆ. ಭಾರ ಹೆಚ್ಚುತ್ತದೆ, ಅವಳು ಜಾರುತ್ತಾಳೆ, ಬೀಳುತ್ತಾಳೆ. ನಿಜ ಇರುವುದು ಒಂದು ಕ್ಷಣದಲ್ಲಿ: ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಳ್ಳಬಹುದಿತ್ತು, ಅವನು ಬಿಟ್ಟ. ಅಮ್ಮ ಉಳಿಯುವುದಿಲ್ಲ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಕಾಯುವಿಕೆಯನ್ನು ತಾಳಲಾರದೆ, ಹೇಗಾದರೂ ಮುಗಿದುಹೋಗಲಿ ಎಂದು ಬಯಸಿದ್ದ.

ಗ್ರಂಥಾಲಯದಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟದ್ದು ಇಲ್ಲಿ.

ಹನ್ನೊಂದು ವರ್ಷದ ಹಿಂದೆ ನಾನು ಎರಡನೇ ಪಿಯುಸಿಯಲ್ಲಿದ್ದೆ. ಆಷಾಢದಲ್ಲಿ ಅಪ್ಪನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮನೆಗೆ ಕರೆತಂದರು, ಮತ್ತೆ ಆಸ್ಪತ್ರೆ, ಮತ್ತೆ ಮನೆ. ಸಂಕ್ರಾಂತಿ ಕಳೆದ ಮೇಲೆ ಬೆನ್ನಿನ ಹುಣ್ಣುಗಳು ಕೀವು ತುಂಬಿ, ಎದೆಗೆ ಕಫ ಕಟ್ಟಿ, ಮೂರನೆಯ ಸಲ ವಾರ್ಡಿಗೆ ಸೇರಿಸಿದೆವು. ರಾತ್ರಿ ಪಾಳಿ ನನ್ನದು. ಮಂಚದ ಪಕ್ಕ ಚಾಪೆ ಹಾಸಿಕೊಂಡು, ಕಾರಿಡಾರಿನ ಬೆಳಕಿನಲ್ಲಿ ಇತಿಹಾಸದ ನೋಟ್ಸ್ ಓದುತ್ತಿದ್ದೆ. ಪರೀಕ್ಷೆ ಮಾರ್ಚಿಗೆ. ಒಂದು ರಾತ್ರಿ ಅಪ್ಪನ ಉಸಿರಿನ ಗೊರಗೊರ ಸ್ವಲ್ಪ ಹೊತ್ತು ನಿಂತಿತು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಎದ್ದು ನರ್ಸನ್ನು ಕರೆಯಲಿಲ್ಲ. ಬೆರಳು ಮಡಿಸಿ ಎಣಿಸುತ್ತಿದ್ದೆ. ಇವತ್ತೇ ಆದರೆ ಹನ್ನೊಂದನೇ ದಿನ ಯಾವತ್ತು ಬೀಳುತ್ತದೆ, ಪರೀಕ್ಷೆಗೆ ಇನ್ನೆಷ್ಟು ದಿನ ಉಳಿಯುತ್ತದೆ. ಉಸಿರು ಮತ್ತೆ ಶುರುವಾಯಿತು. ಬೆರಳುಗಳು ಮಡಿಸಿದಂತೆಯೇ ಇದ್ದವು.

ಆರು ದಿನದ ಮೇಲೆ ಅಪ್ಪ ಹೋದರು. ತಿಥಿ ಮುಗಿಯಿತು. ನಾಲ್ಕು ದಿನ ಬಿಟ್ಟು ಪರೀಕ್ಷೆ ಬಂತು. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ತಲೆ ಬೋಳಿಸಿಕೊಂಡು ಪರೀಕ್ಷೆಯ ಕೊಠಡಿಯಲ್ಲಿ ಕೂತಾಗ ಮೇಲ್ವಿಚಾರಕರು ಹೆಗಲು ತಟ್ಟಿದರು. ಹಾಜರಾತಿ ಕಡಿಮೆಯಿದ್ದುದನ್ನು ಕಾಲೇಜಿನಲ್ಲಿ ಯಾರೂ ಎತ್ತಲಿಲ್ಲ. ಒಳ್ಳೆಯ ಅಂಕ ಬಂದವು. ‘ಅಪ್ಪನ್ನ ನೋಡ್ಕಂಡು ಓದ್ದ ಮಗ’ ಎಂದು ಊರು ಹೊಗಳಿತು. ಆ ಅಂಕಗಳಿಂದ ಮೈಸೂರು, ಮೈಸೂರಿನಿಂದ ಎಂ.ಎ., ಅಲ್ಲಿಂದ ಈ ಸಂಶೋಧನೆ. ಸಾವಿನ ಬಗ್ಗೆ ಬರೆಯಲು ತಿಂಗಳು ತಿಂಗಳು ಬರುವ ಫೆಲೋಶಿಪ್ಪಿನ ಬುಡದಲ್ಲಿ ಆ ಬೆರಳೆಣಿಕೆ ಇದೆ.

ಕಾನರ್‌ಗೆ ಮರ ಕೊಡುವ ಸಮಾಧಾನ ಏನೆಂದರೆ, ಮನಸ್ಸು ದಿನಕ್ಕೆ ನೂರು ಸಲ ತನ್ನ ಮಾತನ್ನು ತಾನೇ ಅಲ್ಲಗಳೆಯುತ್ತದೆ, ನೀನು ಏನು ಯೋಚಿಸಿದೆ ಎಂಬುದು ಮುಖ್ಯವಲ್ಲ, ಏನು ಮಾಡಿದೆ ಎಂಬುದೊಂದೇ ಮುಖ್ಯ. ಚೆನ್ನಾಗಿದೆ. ಆದರೆ ಇದು ಅಷ್ಟು ಸುಲಭದ ಮಾತೇ? ಮನಸಾ, ವಾಚಾ, ಕರ್ಮಣಾ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಪರಂಪರೆಯಲ್ಲಿ ಬೆಳೆದವನಿಗೆ ಮೊದಲನೆಯದು ಲೆಕ್ಕಕ್ಕಿಲ್ಲ ಎಂದರೆ ನಂಬಿಕೆ ಬರುವುದಿಲ್ಲ. ಮನಸ್ಸಿನಲ್ಲಿ ನೆನೆದರೂ ಪಾಪ ಎಂದೇ ನನ್ನಜ್ಜಿ ಹೇಳುತ್ತಿದ್ದದ್ದು.

ಈ ಜಗಳ ಹಳೆಯದು. ಪಾಲಿ ಸುತ್ತಗಳಲ್ಲಿ ಉಪಾಲಿ ಎಂಬ ನಾಲಂದದ ಗೃಹಸ್ಥನ ಪ್ರಸಂಗವಿದೆ. ಅವನು ನಿಗಂಠ ನಾತಪುತ್ತನ, ಅಂದರೆ ಮಹಾವೀರನ ಅನುಯಾಯಿ. ಕಾಯ, ಮಾತು, ಮನಸ್ಸು ಈ ಮೂರರ ಕರ್ಮಗಳಲ್ಲಿ ಯಾವುದು ಹೆಚ್ಚು ಘೋರ ಎಂದು ಬುದ್ಧನ ಜೊತೆ ವಾದಕ್ಕೆ ಬರುತ್ತಾನೆ. ಕಾಯದ ಕರ್ಮವೇ ಘೋರ ಎಂಬುದು ಅವನ ಪಕ್ಷ, ಮನಸ್ಸಿನದೇ ಘೋರ ಎಂಬುದು ಬುದ್ಧನದು. ಉಪಾಲಿ ಸೋತು ಬುದ್ಧನ ಕಡೆ ಸೇರುತ್ತಾನೆ. (ಕತೆ ಬರೆದಿಟ್ಟವರು ಬೌದ್ಧರು ಎಂಬುದನ್ನು ಮರೆಯಬಾರದು.) ಇದನ್ನು ಮೊದಲು ಓದಿದಾಗ ನಾನೂ ಸೋತೆ ಅನ್ನಿಸಿತ್ತು. ಯೂ ಮರ ನಿಗಂಠರ ಪಕ್ಷದಲ್ಲಿ ನಿಂತು ಕಾನರ್‌ನನ್ನು ಬಿಡಿಸಬಹುದು. ಬುದ್ಧನ ಎದುರು ನನ್ನನ್ನು ಬಿಡಿಸುವವರು ಯಾರು?

ಮತ್ತೆ ಓದಿದಾಗ ಒಂದು ಸಂದು ಕಂಡಿತು. ಬುದ್ಧ ಕರ್ಮ ಎಂದು ಕರೆಯುವುದು ಚೇತನಾ ಎಂಬುದನ್ನು. ಅದು ಸುಮ್ಮನೆ ಬಂದು ಹೋಗುವ ಆಸೆಯಲ್ಲ, ಒಂದು ಕಡೆಗೆ ತಿರುಗಿ ನಿಂತ ಮನಸ್ಸು. ನಮ್ಮ ಬಳಕೆಯಲ್ಲಿ ಅದಕ್ಕೆ ಹತ್ತಿರವಾದ ಮಾತು ಸಂಕಲ್ಪ. ಪೂಜೆಗೆ ಕೂತವನು ಕೈಯಲ್ಲಿ ಅಕ್ಷತೆ, ನೀರು ಹಿಡಿದು, ಕಾಲ ಹೇಳಿ, ದೇಶ ಹೇಳಿ, ತನ್ನ ಗೋತ್ರ, ಹೆಸರು ಹೇಳಿ, ಇದನ್ನು ಮಾಡುತ್ತೇನೆ ಎಂದು ನೀರು ಬಿಡುತ್ತಾನೆ. ಯಾರು, ಎಲ್ಲಿ, ಯಾವಾಗ, ಏನು, ಎಲ್ಲದಕ್ಕೂ ಅವನೇ ಸಾಕ್ಷಿ. ಬಯಕೆಗೆ ಇಂಥ ವಿಳಾಸವಿಲ್ಲ. ಬಯಕೆ ನನಗೆ ಆಗುತ್ತದೆ, ಸಂಕಲ್ಪವನ್ನು ನಾನು ಮಾಡುತ್ತೇನೆ. ಹಸಿವಾಯಿತು, ನಿದ್ದೆ ಬಂತು, ಸಾಕಪ್ಪ ಅನ್ನಿಸಿತು: ಇವುಗಳಿಗೆಲ್ಲ ಕನ್ನಡದಲ್ಲಿ ‘ನಾನು’ ಕರ್ತೃವೇ ಅಲ್ಲ. ವ್ಯಾಕರಣವೇ ನನ್ನ ಪರ ವಕಾಲತ್ತು ವಹಿಸಿದಂತೆ ಕಂಡಿತು. ಪ್ರಬಂಧದ ಒಂದು ಅಧ್ಯಾಯದಲ್ಲಿ ಇದನ್ನು ನಾಲ್ಕು ಪುಟ ಬೆಳೆಸಿದೆ. ಮಾರ್ಗದರ್ಶಕರು ‘ಚೆನ್ನಾಗಿದೆ’ ಎಂದು ಬರೆದರು.

ನನಗೆ ಮಾತ್ರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬೆರಳು ಮಡಿಸಿದ್ದು ನನ್ನ ಕೈಯೇ ತಾನೇ.

ಸಾವಿನ ಮನೆಯಲ್ಲಿ ನಾವು ಹೇಳುವ ಮಾತೊಂದಿದೆ: ಸದ್ಯ, ಮುಕ್ತಿ ಸಿಕ್ಕಿತು, ಹೆಚ್ಚು ನರಳಿಸಲಿಲ್ಲ ದೇವರು. ಆ ಮಾತಿನಲ್ಲಿ ಒಂದು ಉಪಾಯವಿದೆ. ‘ಮುಗಿಯಲಿ’ ಎಂದು ನಾವು ಬಯಸಿದ್ದೆಲ್ಲ ಹೋದವರಿಗಾಗಿ ಬಯಸಿದ್ದು ಎಂದಾಗಿಬಿಡುತ್ತದೆ. ಎಷ್ಟೋ ಸಲ ಅದು ನಿಜವೂ ಹೌದು. ಈ ಕಾದಂಬರಿಯ ಧೈರ್ಯವೆಂದರೆ, ಕಾನರ್‌ಗೆ ಆ ಬಾಗಿಲನ್ನು ಅದು ತೆರೆಯುವುದಿಲ್ಲ. ಅಮ್ಮನ ನೋವು ಮುಗಿಯಲಿ ಎಂದು ಬಯಸಿದೆ ಎಂದು ಅವನು ಹೇಳಿದ್ದರೆ ಓದುಗರು ಕಣ್ಣೊರೆಸಿಕೊಂಡು ಕ್ಷಮಿಸುತ್ತಿದ್ದರು. ಅವನು ಹೇಳುವುದು, ನನಗೆ ತಡೆಯಲಾಗಲಿಲ್ಲ ಎಂದು. ಮರವೂ ಅದನ್ನು ತಿದ್ದುವುದಿಲ್ಲ. ನೀನು ಬಯಸಿದ್ದು ನಿನ್ನ ನೋವಿನ ಕೊನೆಯನ್ನೇ ಎಂದು ಒಪ್ಪಿಕೊಂಡು, ಮನುಷ್ಯರಿಗೆ ಅದಕ್ಕಿಂತ ಸಹಜವಾದ ಬಯಕೆ ಬೇರೆಯಿಲ್ಲ ಎನ್ನುತ್ತದೆ. ನಾನು ಓದಿದ ಹರೆಯದವರ ಪುಸ್ತಕಗಳಲ್ಲಿ ದುಃಖಕ್ಕೆ ಇಷ್ಟು ಸ್ವಾರ್ಥವನ್ನು ಉಳಿಸಿಕೊಟ್ಟದ್ದು ಇನ್ನೊಂದಿಲ್ಲ. ಅಲ್ಲಿ ದುಃಖಪಡುವ ಮಕ್ಕಳು ಸಾಮಾನ್ಯವಾಗಿ ತುಂಬ ಒಳ್ಳೆಯವರು.

ನಮ್ಮ ‘ಗೋವಿನ ಹಾಡು’ ನೆನಪಾಗುತ್ತದೆ. ನನ್ನ ಸಂಶೋಧನೆ ಶುರುವಾದದ್ದೇ ಅಲ್ಲಿಂದ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿನಂತೆ ಸಾಯಲು ಹೊರಡುತ್ತಾಳೆ, ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಸತ್ಯ ಗೆಲ್ಲುತ್ತದೆ, ಹುಲಿಯೇ ಪ್ರಾಣ ಬಿಡುತ್ತದೆ, ತಾಯಿ ಹಿಂದಿರುಗುತ್ತಾಳೆ. ಆ ಸತ್ಯ ಹೊರಗಿನದು, ಕೊಟ್ಟ ಮಾತಿಗೆ ನಡೆದುಕೊಳ್ಳುವುದು. ಆ ನಡುವಿನ ಹೊತ್ತಿನಲ್ಲಿ ದೊಡ್ಡಿಯಲ್ಲಿ ನಿಂತ ಕರುವಿನ ಮನಸ್ಸಿನಲ್ಲಿ ಏನು ನಡೆಯಿತು ಎಂದು ಯಾವ ಮೇಷ್ಟರೂ ನಮ್ಮನ್ನು ಕೇಳಲಿಲ್ಲ. ಕಾನರ್‌ನದು ಕರುವಿನ ಸತ್ಯ.

ಆದರೆ ಆ ಸತ್ಯವನ್ನು ಅವನು ಹೇಳಿದ್ದು ಯಾರಿಗೆ? ಮರಕ್ಕೆ. ಅಮ್ಮನ ಹಾಸಿಗೆಯ ಬಳಿ ಹೋದಾಗ ಅವನು ಹೇಳುವುದು ಇನ್ನೊಂದನ್ನು: ನೀನು ಹೋಗುವುದು ನನಗೆ ಬೇಡ. ಮುಗಿಯಲಿ ಎಂದದ್ದೂ ನಿಜ, ಹೋಗಬೇಡ ಎಂದದ್ದೂ ನಿಜ. ಒಂದನ್ನು ಮರಕ್ಕೆ, ಒಂದನ್ನು ತಾಯಿಗೆ ಹಂಚಿದ್ದು ಸುಳ್ಳಾಗುತ್ತದೆಯೇ? ಒಂದು ವಿಚಾರ ಸಂಕಿರಣದಲ್ಲಿ ನಾನು ಈ ಪ್ರಶ್ನೆ ಎತ್ತಿದಾಗ ಸಹಪಾಠಿಯೊಬ್ಬಳು, ಸಾಯುವವಳಿಗೆ ಎರಡನ್ನೂ ಹೊರಿಸುವುದು ಸತ್ಯವಲ್ಲ, ಕ್ರೌರ್ಯ ಎಂದಳು. ಇರಬಹುದು. ಮೊದಲ ಸತ್ಯವನ್ನು ಮರಕ್ಕೆ ಹೇಳಿ ಹಗುರಾಗದಿದ್ದರೆ ಎರಡನೆಯದು ಅವನ ಬಾಯಿಂದ ಹೊರಡುತ್ತಲೇ ಇರಲಿಲ್ಲ ಎಂಬುದು ನನ್ನ ಓದು. ಅವನ ಗಂಟಲಿನಲ್ಲಿ ಒಂದರ ಹಿಂದೆ ಇನ್ನೊಂದು ಸಿಕ್ಕಿಕೊಂಡಿತ್ತು.

ಇಂಗ್ಲಿಷಿನಲ್ಲಿ ನೆಸ್‌ಗೆ ಒಂದು ಅನುಕೂಲವಿದೆ. ಕನಸಿನಲ್ಲಿ ಅಮ್ಮನ ಕೈ ಬಿಟ್ಟದ್ದಕ್ಕೂ, ಕೊನೆಗೆ ಅವಳನ್ನು ಬಿಗಿಯಾಗಿ ತಬ್ಬಿಕೊಂಡು ಹೋಗಗೊಡುವುದಕ್ಕೂ ಅವರು ಬಳಸುವುದು ಒಂದೇ ಮಾತು, ಲೆಟ್ ಗೋ. ಪಾಪ ಮತ್ತು ಬಿಡುಗಡೆ ಎರಡೂ ಒಂದೇ ಕ್ರಿಯಾಪದದೊಳಗೆ ಕೂತಿವೆ. ಗೆಳೆಯರ ಓದಿಗೆಂದು ಕೊನೆಯ ಅಧ್ಯಾಯವನ್ನು ಕನ್ನಡಕ್ಕೆ ತರಲು ಹೋಗಿ ನಾನು ಅಲ್ಲೇ ನಿಂತೆ. ಕನ್ನಡದಲ್ಲಿ ಇವು ಎರಡು. ಕೈಬಿಡುವುದು ಬೇರೆ, ಕಳಿಸಿಕೊಡುವುದು ಬೇರೆ. ಕೈಬಿಟ್ಟ ಎಂದರೆ ದ್ರೋಹ. ಕಳಿಸಿಕೊಟ್ಟ ಎಂದರೆ ಬಾಗಿಲವರೆಗೆ, ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ, ಕಣ್ಣಿಗೆ ಮರೆಯಾಗುವವರೆಗೆ ನಿಂತವನು. ನಾನು ಇವೆರಡರಲ್ಲಿ ಯಾವುದನ್ನು ಮಾಡಿದೆ ಎಂದು ಕೇಳಿಕೊಳ್ಳದೆ ಆ ವಾಕ್ಯವನ್ನು ಅನುವಾದಿಸಲು ಬರುವಂತಿರಲಿಲ್ಲ. ಹಾಳೆ ಹಾಗೇ ಇದೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಹೇಳಬೇಕೆಂದು ಹೋದವನಲ್ಲ. ಅವರೆಕಾಯಿ ಬಿಡಿಸುತ್ತ ಕೂತಿದ್ದೆವು, ಏನು ಓದ್ತಿದೀಯ ಎಂದಳು, ಕತೆ ಹೇಳಿದೆ. ಕೈ ಬಿಟ್ಟ ಕಡೆಗೆ ಬಂದಾಗ ಬೆರಳು ಮಡಿಸಿದ್ದನ್ನೂ ಹೇಳಿಬಿಟ್ಟೆ. ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

‘ಯಾವಾಗ ಅದು?’ ಎಂದಳು.

‘ಸಂಕ್ರಾಂತಿ ಆದ್ಮೇಲೆ. ಕೊನೇ ಸಲ ಸೇರ್ಸಿದ್ವಲ್ಲ, ಆಗ.’

‘ನಾನು ಅದ್ಕಿಂತ ಮೊದ್ಲೇ ಕಣೋ.’

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು ದೇವರ ಗೂಡಿನ ಹಿಂದೆ ಕೈ ಹಾಕಿ, ಅರಿಶಿನದ ಬಟ್ಟೆಯ ಒಂದು ಚಿಕ್ಕ ಗಂಟನ್ನು ತಂದು ಮೊರದ ಅಂಚಿನಲ್ಲಿಟ್ಟಳು. ಅಪ್ಪನಿಗೆ ಲಕ್ವ ಹೊಡೆದ ವಾರ ಮನೆದೇವರಿಗೆ ಕಟ್ಟಿದ ಮುಡಿಪು. ಎದ್ದು ಓಡಾಡಲಿ, ಇಬ್ಬರೂ ಬಂದು ಒಪ್ಪಿಸುತ್ತೇವೆ ಎಂದು ಹರಕೆ ಹೊತ್ತಿದ್ದಳಂತೆ. ಕಾರ್ತೀಕದಲ್ಲಿ ಒಂದು ಸೋಮವಾರ ತಲೆಗೆ ನೀರು ಹಾಕಿಕೊಂಡು, ಅದೇ ಗಂಟನ್ನು ಬಿಚ್ಚಿ, ಅದೇ ಕಾಸನ್ನು ಬೇರೆ ಮಾತು ಹೇಳಿ ಮತ್ತೆ ಕಟ್ಟಿದಳಂತೆ.

‘ಏನಂತ ಹೇಳ್ದೆ?’ ಎಂದು ಕೇಳಿದೆ.

‘ನೀನು ಬೆರಳು ಮಡಿಸ್ಕಂಡು ಏನಂದ್ಕಂಡ್ಯೋ ಅದುನ್ನೇ. ನಾನು ಬಾಯ್ಬಿಟ್ಟು ಅಂದೆ.’

ನನ್ನ ನಾಲ್ಕು ಪುಟಗಳ ವಾದ ನೆನಪಾಯಿತು. ಅವ್ವನದು ಬಂದು ಹೋದ ಬಯಕೆಯಲ್ಲ. ಕಾಲವಿತ್ತು, ದೇಶವಿತ್ತು, ಮಿಂದ ಮೈಯಿತ್ತು, ಕೈಯಲ್ಲಿ ಕಾಸಿತ್ತು. ಅದು ಸಂಕಲ್ಪವೇ. ಅಷ್ಟಾದ ಮೇಲೂ ಮೂರು ತಿಂಗಳು ದಿನಕ್ಕೆರಡು ಸಲ ಅಪ್ಪನ ಮಗ್ಗುಲು ಬದಲಿಸಿದ್ದು, ಹುಣ್ಣು ತೊಳೆದದ್ದು, ಗಂಜಿ ಹಿಂಡಿ ಹಿಂಡಿ ಬಾಯಿಗೆ ಬಿಟ್ಟದ್ದು ಅವಳೇ. ಅವಳನ್ನು ಯಾವ ಕಂಬದ ಕಡೆ ನಿಲ್ಲಿಸಲಿ? ಉಪಾಲಿಗೂ ಗೊತ್ತಿರಲಿಕ್ಕಿಲ್ಲ.

‘ದೇವಸ್ಥಾನಕ್ಕೆ ಯಾಕೆ ಒಪ್ಪಿಸ್ಲಿಲ್ಲ?’ ಎಂದೆ. ಹನ್ನೊಂದು ವರ್ಷ ಆಗಿದೆ.

‘ಹ್ಯಾಂಗೆ ಒಪ್ಪಿಸ್ಲಿ? ನಡ್ಸಿಕೊಟ್ಟೆ ಅಂತ ಅವನಿಗೆ ಕೈ ಮುಗಿಬೇಕಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ಇಟ್ಕಳಕ್ಕೂ ಬರಲ್ಲ, ದೇವ್ರ ಕಾಸು’ ಎಂದಳು.

ಅಪ್ಪನ ತಿಥಿ ಬರುವುದು ಫೆಬ್ರವರಿಯಲ್ಲಿ. ಆಗ ಬಾ, ಇಬ್ಬರೂ ಹೋಗೋಣ ಎಂದಿದ್ದಾಳೆ. ಹರಕೆಯಲ್ಲಿ ಹೇಳಿದ್ದೂ ಇಬ್ಬರೂ ಬರುತ್ತೇವೆ ಅಂತಲೇ ಅಲ್ಲವೇ, ಎಂದಳು. ಗಂಟನ್ನು ಗೂಡಿನ ಹಿಂದಕ್ಕೆ ಸೇರಿಸಿ ಬಂದು, ಮೊರ ತನ್ನ ಕಡೆಗೆ ಎಳೆದುಕೊಂಡು, ಆ ಮರ ಕೊನೆಗೆ ಏನಾಯಿತು ಎಂದು ಕೇಳಿದಳು.